ಅರೆತಲೆನೋವಿಗೆ ಬೊಟಾಕ್ಸ್ ಇಂಜೆಕ್ಷನ್: ಸಾಲ ಮಾಡುವ ಮುನ್ನ ತಿಳಿದುಕೊಳ್ಳೋಣ



ಕಳೆದ ಮಳೆಗಾಲದಲ್ಲಿ ನಮ್ಮ ಒಂದು ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿದ್ದಾಯಿತು, ಸಾಲದ ಕಂತು ಬರೆದದ್ದಾಯಿತು. ಹೊಸ ಸಾಲ ಯಾರಿಗೆ ಬೇಕು ಎಂದು ಕೇಳಿದಾಗ ಹಿಂದೆ ಕುಳಿತಿದ್ದ ಒಬ್ಬ ಸದಸ್ಯೆ ಎದ್ದು, "ನನಗೆ ನಲವತ್ತು ಸಾವಿರ ಬೇಕಿತ್ತು. ತಲೆನೋವಿಗೆ ಒಂದು ಇಂಜೆಕ್ಷನ್ ಇದೆಯಂತೆ, ತಲೆ ತುಂಬಾ ಚುಚ್ಚುತ್ತಾರಂತೆ" ಎಂದರು.

ಸಭೆಯಲ್ಲಿ ಗುಸುಗುಸು ಶುರುವಾಯಿತು. "ತಲೆನೋವಿಗೆ ಯಾರಾದ್ರೂ ನಲವತ್ತು ಸಾವಿರ ಹಾಕ್ತಾರಾ? ಅದೇ ದುಡ್ಡಿಗೆ ಹಸು ತಗೊಂಡ್ರೆ ಹಾಲಾದ್ರೂ ಬರುತ್ತೆ" ಎಂದರು ಒಬ್ಬರು. "ಅದು ಸಿನಿಮಾದವರು ಮುಖದ ಸುಕ್ಕು ಹೋಗೋಕೆ ಹಾಕಿಸಿಕೊಳ್ಳೋದು ಕಣ್ರೀ" ಎಂದರು ಇನ್ನೊಬ್ಬರು. "ಅದು ವಿಷವಂತೆ, ಟಿವಿಯಲ್ಲಿ ಬಂದಿತ್ತು" ಎಂದರು ಮತ್ತೊಬ್ಬರು. ಸಾಲ ಕೇಳಿದ ಸಹೋದರಿ ಅಲ್ಲೇ ಕುಳಿತುಬಿಟ್ಟರು. "ತಿಂಗಳಲ್ಲಿ ಇಪ್ಪತ್ತು ದಿನ ನನಗೆ ತಲೆ ಎತ್ತೋಕಾಗಲ್ಲ. ನಿಮಗೆ ಹೇಗೆ ಹೇಳಲಿ?" ಎಂದಷ್ಟೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು.

ಸಂಘದ ಅಧ್ಯಕ್ಷೆ ನಮ್ಮ ಮುಖ ನೋಡಿದರು. ನಮಗೂ ಅವತ್ತು ಉತ್ತರ ಗೊತ್ತಿರಲಿಲ್ಲ. ಒಂದು ತಿಂಗಳು ಸಮಯ ತೆಗೆದುಕೊಂಡು, ವಿಷಯ ತಿಳಿದು ತೀರ್ಮಾನ ಮಾಡೋಣ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಈ ಪಾಠದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ. ಅವತ್ತು ಸಭೆಯಲ್ಲಿ ಮಾತಾಡಿದ ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿತ್ತು ಎಂಬುದು ಈಗ ನಮಗೆ ಗೊತ್ತಾಗಿದೆ.

1. ಅರೆತಲೆನೋವು ಎಂದರೇನು?

ತಲೆನೋವು ಎಲ್ಲರಿಗೂ ಬರುತ್ತದೆ. ಬಿಸಿಲಲ್ಲಿ ಕೆಲಸ ಮಾಡಿದರೆ, ನಿದ್ದೆ ಕೆಟ್ಟರೆ, ನೆಗಡಿಯಾದರೆ ಬಂದು ಹೋಗುತ್ತದೆ. ಅರೆತಲೆನೋವು, ಅಂದರೆ ಮೈಗ್ರೇನ್, ಅಂಥದ್ದಲ್ಲ. ಅದು ಮೆದುಳು ಮತ್ತು ನರಗಳಿಗೆ ಸಂಬಂಧಿಸಿದ ಕಾಯಿಲೆ. ಅದರ ಗುರುತುಗಳು ಇವು:

- ಸಾಮಾನ್ಯವಾಗಿ ತಲೆಯ ಒಂದು ಪಕ್ಕದಲ್ಲಿ ನೋವು. ಕೆಲವರಿಗೆ ಎರಡೂ ಪಕ್ಕ ಬರಬಹುದು.
- ಸುತ್ತಿಗೆಯಲ್ಲಿ ಬಡಿದ ಹಾಗೆ ದಬದಬ ಎಂದು ಮಿಡಿಯುವ ನೋವು.
- ನಡೆದರೆ, ಬಗ್ಗಿದರೆ, ಕೊಡ ಎತ್ತಿದರೆ ನೋವು ಹೆಚ್ಚಾಗುವುದು.
- ಹೊಟ್ಟೆ ತೊಳಸುವುದು, ವಾಂತಿ.
- ಬೆಳಕು, ಸದ್ದು ಸಹಿಸಲಾಗದಿರುವುದು. ಒಗ್ಗರಣೆ ವಾಸನೆ, ಅಗರಬತ್ತಿಯ ವಾಸನೆಯೂ ಕೆಲವರಿಗೆ ಆಗುವುದಿಲ್ಲ.
- ಮದ್ದು ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 3 ದಿನದವರೆಗೂ ಇರುವುದು.

ಕೆಲವರಿಗೆ ನೋವು ಬರುವ ಮೊದಲು ಕಣ್ಣಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣುತ್ತವೆ. ಇಂಥವರು ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದೇ ಇದಕ್ಕೆ ಕಾರಣ.

ಇದು ಪೇಟೆಯವರ ಕಾಯಿಲೆ, ಓದಿದವರ ಕಾಯಿಲೆ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಮ್ಮ ಕರ್ನಾಟಕದಲ್ಲೇ ಮನೆಮನೆಗೆ ಹೋಗಿ 2,329 ಜನರನ್ನು ವಿಚಾರಿಸಿ, 2015ರಲ್ಲಿ ಅದರ ವರದಿ ಪ್ರಕಟಿಸಿದರು. ದೊಡ್ಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಒಂದು ವರ್ಷದಲ್ಲಿ ಅರೆತಲೆನೋವು ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಆದ್ದರಿಂದ 16 ಜನರ ಸಂಘದಲ್ಲಿ ನಾಲ್ಕು ಮಂದಿಗೆ ಈ ಕಾಯಿಲೆ ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಹೇಳಿದರೆ "ಕೆಲಸ ತಪ್ಪಿಸೋ ನೆಪ" ಎನ್ನುವವರು ಮನೆಯಲ್ಲೇ ಇರುತ್ತಾರೆ.

2. ದಿನ ಲೆಕ್ಕ ಹಾಕಿ

ನಾವು ಉಳಿತಾಯಕ್ಕೆ ಲೆಕ್ಕ ಇಡುತ್ತೇವೆ, ಹಾಲಿಗೆ ಲೆಕ್ಕ ಇಡುತ್ತೇವೆ. ತಲೆನೋವಿಗೂ ಲೆಕ್ಕ ಬೇಕು. ಏಕೆಂದರೆ ಬೊಟಾಕ್ಸ್ ಇಂಜೆಕ್ಷನ್ ಯಾರಿಗೆ ಎಂಬುದು ಈ ಲೆಕ್ಕದ ಮೇಲೇ ನಿಂತಿದೆ.

ಮೂರು ತಿಂಗಳಿಗಿಂತ ಹೆಚ್ಚು ಕಾಲ, ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನವಾದರೂ ಮೇಲೆ ಹೇಳಿದ ಅರೆತಲೆನೋವಿನ ಗುರುತುಗಳಿದ್ದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ತಿಂಗಳಿಗೆ ಎರಡು ಸಲ, ನಾಲ್ಕು ಸಲ ಬರುವವರಿಗೆ ಬೊಟಾಕ್ಸ್‌ನಿಂದ ಲಾಭವಿದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಅವರಿಗೆ ಅದು ದುಡ್ಡು ದಂಡ.

ಲೆಕ್ಕ ಇಡುವುದು ಸುಲಭ. ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಒಂದು ಗೀಟು ಹಾಕಿ. ಮಾತ್ರೆ ನುಂಗಿದ ದಿನಕ್ಕೆ ಒಂದು ಸೊನ್ನೆ ಹಾಕಿ. ಮುಟ್ಟಿನ ದಿನಗಳಿಗೂ ಒಂದು ಗುರುತು ಇರಲಿ. ಓದು ಬಾರದವರೂ ಇದನ್ನು ಮಾಡಬಹುದು. ವೈದ್ಯರ ಮುಂದೆ "ಯಾವಾಗಲೂ ಬರುತ್ತೆ ಸಾರ್" ಎನ್ನುವುದಕ್ಕಿಂತ ಈ ಕ್ಯಾಲೆಂಡರ್ ಹಾಳೆ ಇಟ್ಟರೆ ಅವರಿಗೆ ಅರ್ಧ ಕೆಲಸ ಆದಂತೆ.

3. ಮಾತ್ರೆಯೇ ತಲೆನೋವು ತರುತ್ತದೆ!

ಇದನ್ನು ಕೇಳಿ ನಮಗೂ ಆಶ್ಚರ್ಯವಾಯಿತು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನ ನುಂಗುತ್ತಾ ಮೂರು ತಿಂಗಳು ದಾಟಿದರೆ, ಆ ಮಾತ್ರೆಯೇ ತಲೆನೋವನ್ನು ಹೆಚ್ಚಿಸಬಹುದು. ಎರಡು ಮೂರು ಮದ್ದು ಸೇರಿಸಿ ಮಾಡಿದ ಮಾತ್ರೆ, ಎರ್ಗಾಟ್ ಇರುವ ಮಾತ್ರೆ, ಟ್ರಿಪ್ಟಾನ್ ಎಂಬ ಗುಂಪಿನ ಮಾತ್ರೆಗಳಾದರೆ ತಿಂಗಳಿಗೆ 10 ದಿನವೇ ಸಾಕು.

ನೋವು ಬಂತು, ಮಾತ್ರೆ ನುಂಗಿದೆವು. ಮಾತ್ರೆಯ ಶಕ್ತಿ ಇಳಿದ ಕೂಡಲೇ ಮತ್ತೆ ನೋವು, ಮತ್ತೆ ಮಾತ್ರೆ. ಬಡ್ಡಿ ಕಟ್ಟಲು ಇನ್ನೊಂದು ಕಡೆ ಬಡ್ಡಿಗೆ ಸಾಲ ತಂದ ಹಾಗೆ ಇದು. ಅಸಲು ಹಾಗೇ ಉಳಿದು, ಬಡ್ಡಿ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಮಾತ್ರೆ ಸಿಗುವ ನಮ್ಮ ಊರುಗಳಲ್ಲಿ ಇದು ಸುಲಭವಾಗಿ ಆಗುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆಯ ಭಯ ಬೇರೆ. ಆದರೆ ಹಾಗೆಂದು ಒಮ್ಮೆಗೇ ನೀವೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಜೋರಾಗಬಹುದು. ಹೇಗೆ ಬಿಡಬೇಕು ಎಂದು ವೈದ್ಯರನ್ನು ಕೇಳಿ ಬಿಡಬೇಕು.

4. ವಿಷ ಮದ್ದಾದ ಕಥೆ

"ಅದು ವಿಷವಂತೆ" ಎಂದು ಆ ಸಹೋದರಿ ಹೇಳಿದ್ದು ಸುಳ್ಳಲ್ಲ. ಜರ್ಮನಿಯ ವುರ್ಟೆಂಬರ್ಗ್ ಪ್ರದೇಶದಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆ ಕೆಟ್ಟುಹೋದ ಸಾಸೇಜ್, ಅಂದರೆ ಕರುಳಿನ ಚೀಲದಲ್ಲಿ ತುಂಬಿಟ್ಟ ಮಾಂಸ, ತಿಂದ ಜನರ ಕಣ್ಣುರೆಪ್ಪೆ ಜೋತುಬಿದ್ದು, ನುಂಗಲಾಗದೆ, ಉಸಿರು ನಿಂತು ಸಾಯುತ್ತಿದ್ದರು. ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯರು 1820 ಮತ್ತು 1822ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಈ ವಿಷವನ್ನು ಬಹಳ ಸಣ್ಣ ಪ್ರಮಾಣದಲ್ಲಿ ಬಳಸಿದರೆ ಮದ್ದಾಗಬಹುದು ಎಂದು ಅವರು ಅಂದೇ ಊಹಿಸಿದ್ದರು.

1895ರಲ್ಲಿ ಬೆಲ್ಜಿಯಂ ದೇಶದ ಎಲ್ಜೆಲ್ ಎಂಬ ಹಳ್ಳಿಯಲ್ಲಿ ಒಂದು ಸಾವಿನ ಮನೆಗೆ ಬಂದಿದ್ದ ವಾದ್ಯದವರು ಹಂದಿಯ ಒಣಮಾಂಸ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಆ ಮಾಂಸದಲ್ಲಿ ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ಲ್ಯಾಟಿನ್ ಭಾಷೆಯಲ್ಲಿ 'ಬೊಟುಲಸ್' ಎಂದರೆ ಸಾಸೇಜ್. ಅದರಿಂದಲೇ ಬೊಟುಲಿನಮ್ ಎಂಬ ಹೆಸರು ಬಂತು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಅವರು ಈ ವಿಷದ ಅತಿ ಸಣ್ಣ ಪ್ರಮಾಣವನ್ನು ಮೆಳ್ಳಗಣ್ಣಿನ ಚಿಕಿತ್ಸೆಗೆ ಬಳಸಿದರು. 1989ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಅನುಮತಿ ಕೊಟ್ಟಿತು. ಮುಂದೆ ಬೊಟಾಕ್ಸ್ ಎಂಬ ಹೆಸರಿನಲ್ಲಿ ಇದು ಪ್ರಸಿದ್ಧವಾಯಿತು. 2002ರಲ್ಲಿ ಹುಬ್ಬುಗಳ ನಡುವಿನ ಸುಕ್ಕಿಗೂ ಅನುಮತಿ ಸಿಕ್ಕಿತು. ಹಾಗಾಗಿ "ಸಿನಿಮಾದವರ ಇಂಜೆಕ್ಷನ್" ಎಂದವರ ಮಾತೂ ಸುಳ್ಳಲ್ಲ.

ತಲೆನೋವಿಗೆ ಇದು ಬಂದದ್ದು ಆಕಸ್ಮಿಕವಾಗಿ. 1990ರ ದಶಕದ ಆರಂಭದಲ್ಲಿ ವಿಲಿಯಂ ಬೈಂಡರ್ ಎಂಬ ಅಮೆರಿಕದ ವೈದ್ಯರ ಬಳಿ ಸುಕ್ಕಿಗೆಂದು ಇಂಜೆಕ್ಷನ್ ಹಾಕಿಸಿಕೊಂಡ ಕೆಲವರು, "ಡಾಕ್ಟ್ರೇ, ನನ್ನ ತಲೆನೋವೂ ಕಡಿಮೆಯಾಯಿತು" ಎಂದು ಹೇಳತೊಡಗಿದರು. ಆ ಮಾತನ್ನು ವೈದ್ಯರು ತಳ್ಳಿಹಾಕಲಿಲ್ಲ. ಅಲ್ಲಿಂದ ಪರೀಕ್ಷೆಗಳು ನಡೆದು, 2010ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ದೀರ್ಘಕಾಲದ ಮೈಗ್ರೇನ್‌ಗೆ ಬಳಸಲು ಅನುಮತಿ ಸಿಕ್ಕಿತು. ರೋಗಿ ಹೇಳಿದ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ಒಂದು ಚಿಕಿತ್ಸೆ ಹುಟ್ಟಿತು ಎಂಬುದನ್ನು ನಾವು ಮರೆಯಬಾರದು.

5. ಅದು ಹೇಗೆ ಕೆಲಸ ಮಾಡುತ್ತದೆ?

ನಮ್ಮ ನರಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿರುತ್ತವೆ. ಅವುಗಳೊಳಗೆ ಸಂದೇಶ ಒಯ್ಯುವ ರಾಸಾಯನಿಕಗಳಿವೆ. ಕೆರೆಯ ತೂಬು ಎತ್ತಿದರೆ ಕಾಲುವೆಗೆ ನೀರು ಹರಿಯುವಂತೆ, ಈ ಚೀಲ ತೆರೆದರೆ ಸಂದೇಶ ಹರಿಯುತ್ತದೆ. ಸ್ನಾಯುವಿಗೆ "ಬಿಗಿ" ಎಂಬ ಸಂದೇಶವೂ, ಮೆದುಳಿನ ಕಡೆಗೆ "ನೋವು" ಎಂಬ ಸಂದೇಶವೂ ಹೀಗೇ ಹೋಗುವುದು. ಬೊಟಾಕ್ಸ್ ಮದ್ದು ನರದ ತುದಿಗೆ ಹೋಗಿ, ತೂಬು ಎತ್ತುವ ಸರಳನ್ನು ಕತ್ತರಿಸುತ್ತದೆ. ಆಗ ತೂಬು ಏಳುವುದಿಲ್ಲ. ನೋವಿನ ರಾಸಾಯನಿಕಗಳು ಹೊರಗೆ ಬರುವುದು ಕಡಿಮೆಯಾಗುತ್ತದೆ. ತಲೆ ಮತ್ತು ಕತ್ತಿನ ನರಗಳು ಹೀಗೆ ಶಾಂತವಾದಾಗ ಮೆದುಳಿಗೆ ಹೋಗುವ ನೋವಿನ ಸಂದೇಶವೂ ಇಳಿಯುತ್ತದೆ.

ದೇಹ ಸುಮ್ಮನಿರುವುದಿಲ್ಲ. ನಿಧಾನವಾಗಿ ಹೊಸ ಸರಳನ್ನು ಮಾಡಿಕೊಳ್ಳುತ್ತದೆ. ಸುಮಾರು ಮೂರು ತಿಂಗಳಲ್ಲಿ ಮದ್ದಿನ ಶಕ್ತಿ ಇಳಿಯುತ್ತದೆ. ಆದ್ದರಿಂದ ಈ ಇಂಜೆಕ್ಷನ್ ಒಂದು ಸಲ ಹಾಕಿಸಿದರೆ ಮುಗಿಯುವುದಿಲ್ಲ. 12 ವಾರಕ್ಕೊಮ್ಮೆ ಹಾಕಿಸಬೇಕು. ಸಾಲ ಕೊಡುವ ಸಂಘದವರು ಗಮನಿಸಬೇಕಾದ ಮುಖ್ಯ ಮಾತು ಇದೇ.

ಇನ್ನೊಂದು ಮಾತು. ಇದು ತಲೆನೋವು ಬಂದಾಗ ಓಡಿಹೋಗಿ ಹಾಕಿಸುವ ಇಂಜೆಕ್ಷನ್ ಅಲ್ಲ. ನೋವು ಬರುವ ದಿನಗಳನ್ನು ಕಡಿಮೆ ಮಾಡಲು ಮುಂಚಿತವಾಗಿ ಕೊಡುವುದು.

6. ಹೇಗೆ ಕೊಡುತ್ತಾರೆ?

ಹಣೆ, ಹುಬ್ಬುಗಳ ನಡುವೆ, ಕಪಾಲದ ಎರಡು ಪಕ್ಕ, ತಲೆಯ ಹಿಂಭಾಗ, ಕತ್ತಿನ ಹಿಂದೆ ಮತ್ತು ಹೆಗಲ ಮೇಲೆ, ಒಟ್ಟು 31 ಕಡೆ ಬಹಳ ಸಣ್ಣ ಸೂಜಿಯಿಂದ ಚುಚ್ಚುತ್ತಾರೆ. ಒಂದೊಂದು ಕಡೆಗೆ 5 ಯೂನಿಟ್, ಒಟ್ಟು 155 ಯೂನಿಟ್ ಮದ್ದು. ಇರುವೆ ಕಚ್ಚಿದಂತೆ ಚುರುಕ್ಕೆನ್ನುತ್ತದೆ. ಪ್ರಜ್ಞೆ ತಪ್ಪಿಸುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಕೆಲವು ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಬರಬಹುದು. ಸೂಜಿ ಮೆದುಳಿಗೆ ಹೋಗುತ್ತದೆ ಎಂಬ ಭಯ ಬೇಡ. ಅದು ಹೋಗುವುದು ಚರ್ಮದ ಕೆಳಗಿನ ಸ್ನಾಯುವಿಗೆ ಮಾತ್ರ.

ಈ ಮದ್ದು ಪುಡಿಯ ರೂಪದಲ್ಲಿ ಸಣ್ಣ ಬಾಟಲಿಯಲ್ಲಿ ಬರುತ್ತದೆ. ತಂಪಿನಲ್ಲೇ ಇಡಬೇಕು. ಸಲೈನ್ ಬೆರೆಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ. ಬೇರೆ ಬೇರೆ ಕಂಪನಿಗಳ ಮದ್ದಿನ ಯೂನಿಟ್ ಲೆಕ್ಕ ಒಂದೇ ಅಲ್ಲ ಎಂಬುದೂ ನಿಮಗೆ ತಿಳಿದಿರಲಿ.

7. ಎಷ್ಟು ಗುಣ ಸಿಗುತ್ತದೆ? ಇದ್ದದ್ದು ಇದ್ದ ಹಾಗೆ

ಅಮೆರಿಕ, ಕೆನಡಾ ಮತ್ತು ಯುರೋಪಿನಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಒಟ್ಟು 1,384 ರೋಗಿಗಳು. ಅವರಿಗೆ ತಿಂಗಳಿಗೆ ಸರಾಸರಿ 20 ದಿನ ತಲೆನೋವು ಬರುತ್ತಿತ್ತು. ಅರ್ಧದಷ್ಟು ಜನರಿಗೆ ಬೊಟಾಕ್ಸ್, ಉಳಿದವರಿಗೆ ಮದ್ದಿಲ್ಲದ ಬರೀ ಸಲೈನ್ ನೀರು ಚುಚ್ಚಿದರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಚುಚ್ಚಿದ ವೈದ್ಯರಿಗೂ ಗೊತ್ತಿಲ್ಲ.

24 ವಾರಗಳ ನಂತರ ನೋಡಿದಾಗ ಬೊಟಾಕ್ಸ್ ಪಡೆದವರಿಗೆ ತಿಂಗಳಿಗೆ ಸರಾಸರಿ 8.4 ದಿನ ತಲೆನೋವು ಕಡಿಮೆಯಾಗಿತ್ತು. ಬರೀ ನೀರು ಪಡೆದವರಿಗೂ 6.6 ದಿನ ಕಡಿಮೆಯಾಗಿತ್ತು! ಚಿಕಿತ್ಸೆ ಸಿಗುತ್ತಿದೆ ಎಂಬ ನಂಬಿಕೆ, ಆರೈಕೆ, ಕಾಯಿಲೆ ತಾನಾಗಿ ಏರಿಳಿಯುವುದು ಇವೆಲ್ಲ ಸೇರಿ ಹೀಗಾಗುತ್ತದೆ. ಎರಡರ ನಡುವಿನ ವ್ಯತ್ಯಾಸ ಎರಡು ದಿನಕ್ಕಿಂತ ಸ್ವಲ್ಪ ಕಡಿಮೆ. ತಲೆನೋವಿನ ದಿನಗಳು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರು ಬೊಟಾಕ್ಸ್ ಪಡೆದ 100 ಮಂದಿಯಲ್ಲಿ 47, ಬರೀ ನೀರು ಪಡೆದ 100 ಮಂದಿಯಲ್ಲಿ 35.

ಇದರ ಅರ್ಥವೇನು? ಇದು ಸುಳ್ಳು ಚಿಕಿತ್ಸೆಯಲ್ಲ. ಕೆಲವರಿಗೆ ಬದುಕನ್ನೇ ಮರಳಿ ಕೊಡುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ನೋವಿನ ದಿನಗಳು ಅರ್ಧಕ್ಕೆ ಇಳಿಯುವುದಿಲ್ಲ. "ನೂರಕ್ಕೆ ನೂರು ಗ್ಯಾರಂಟಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಕಾಯಿಲೆಯನ್ನು ಬೇರು ಸಹಿತ ಕೀಳುವುದಿಲ್ಲ, ಹಿಡಿತದಲ್ಲಿ ಇಡುತ್ತದೆ. ಕೆಲವರಿಗೆ ಮೊದಲ ಸುತ್ತಿನಲ್ಲಿ ಏನೂ ಆಗದೆ, ಎರಡನೇ ಸುತ್ತಿನಲ್ಲಿ ಗುಣ ಕಾಣುತ್ತದೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ 2012ರಲ್ಲಿ ಒಂದು ನಿಯಮ ಮಾಡಿದರು. ಮೊದಲು ಕನಿಷ್ಠ ಮೂರು ಬಗೆಯ ತಡೆಗಟ್ಟುವ ಮಾತ್ರೆಗಳನ್ನು ಪ್ರಯತ್ನಿಸಿರಬೇಕು. ನೋವಿನ ಮಾತ್ರೆಯ ಅತಿಬಳಕೆಯನ್ನು ಸರಿಪಡಿಸಿರಬೇಕು. ಆಮೇಲೂ ಗುಣವಾಗದಿದ್ದರೆ ಮಾತ್ರ ಬೊಟಾಕ್ಸ್. ಎರಡು ಸುತ್ತಿನ ನಂತರ ತಲೆನೋವಿನ ದಿನಗಳು ಕನಿಷ್ಠ 100ಕ್ಕೆ 30ರಷ್ಟು ಇಳಿಯದಿದ್ದರೆ ನಿಲ್ಲಿಸಬೇಕು. ನಮಗೂ ಇದು ಒಳ್ಳೆಯ ಅಳತೆಗೋಲು.

8. ತೊಂದರೆಗಳೇನು? ಯಾರಿಗೆ ಬೇಡ?

- ಕತ್ತು ನೋವು: ಪರೀಕ್ಷೆಯಲ್ಲಿ 100ರಲ್ಲಿ ಸುಮಾರು 9 ಮಂದಿಗೆ ಬಂದಿತ್ತು.
- ಕಣ್ಣುರೆಪ್ಪೆ ಜೋತುಬೀಳುವುದು: 100ರಲ್ಲಿ ಸುಮಾರು 4 ಮಂದಿಗೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ.
- ಚುಚ್ಚಿದ ಕಡೆ ನೋವು, ಕತ್ತು ಅಥವಾ ಹೆಗಲು ಸೋತಂತಾಗುವುದು, ಕೆಲವು ದಿನ ತಲೆನೋವು ಹೆಚ್ಚಾಗುವುದು. ತಲೆಹೊರೆ ಹೊರುವ, ಹುಲ್ಲುಹೊರೆ ತರುವ ನಮ್ಮ ಸಹೋದರಿಯರು ತಮ್ಮ ಕೆಲಸ ಏನೆಂದು ವೈದ್ಯರಿಗೆ ಮೊದಲೇ ಹೇಳಬೇಕು.
- ಅಪರೂಪಕ್ಕೆ ಮದ್ದು ಬೇರೆ ಕಡೆಗೂ ಹರಡಬಹುದು. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಇದು ಕೆಲವು ಗಂಟೆಗಳಲ್ಲೂ ಆಗಬಹುದು, ಕೆಲವು ವಾರಗಳ ನಂತರವೂ ಆಗಬಹುದು.

ಮಯಸ್ತೇನಿಯಾದಂಥ ಸ್ನಾಯು ದುರ್ಬಲವಾಗುವ ಕಾಯಿಲೆ ಇರುವವರು, ಚುಚ್ಚುವ ಜಾಗದಲ್ಲಿ ಕೀವು ಅಥವಾ ಸೋಂಕು ಇರುವವರು, ಹಿಂದೆ ಈ ಮದ್ದು ಅಲರ್ಜಿಯಾದವರು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಗರ್ಭಿಣಿಯರು, ಮಗು ಬಯಸುತ್ತಿರುವವರು, ಹಾಲೂಡಿಸುವವರು ಕೂಡ ಮೊದಲೇ ಹೇಳಬೇಕು.

9. ಪಾರ್ಲರ್‌ನಲ್ಲಿ ಬೇಡವೇ ಬೇಡ

"ಅರ್ಧ ರೇಟಿಗೆ ಹಾಕ್ತೀವಿ" ಎನ್ನುವ ಕಡೆ ಕಾಲಿಡಬೇಡಿ. 2024ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್‌ನಿಂದ, ಅಥವಾ ತರಬೇತಿ ಇಲ್ಲದವರು ಮನೆಯಲ್ಲಿ, ಸ್ಪಾಗಳಲ್ಲಿ ಚುಚ್ಚಿದ್ದರಿಂದ 22 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 11 ಮಂದಿ ಆಸ್ಪತ್ರೆ ಸೇರಬೇಕಾಯಿತು. ಅಷ್ಟು ಬಿಗಿ ಕಾನೂನು ಇರುವ ದೇಶದಲ್ಲೇ ಹೀಗಾದರೆ ನಾವು ಎಷ್ಟು ಎಚ್ಚರವಾಗಿರಬೇಕು! ಮೈಗ್ರೇನ್‌ಗೆ ಈ ಇಂಜೆಕ್ಷನ್ ಕೊಡಬೇಕಾದವರು ಅದರಲ್ಲಿ ತರಬೇತಿ ಪಡೆದ ವೈದ್ಯರು, ಮುಖ್ಯವಾಗಿ ನರರೋಗ ತಜ್ಞರು. ಬಾಟಲಿಯನ್ನು ನಿಮ್ಮ ಎದುರೇ ತೆರೆಯಲು ಹೇಳಿ. ಹೆಸರು, ಅವಧಿ ಮುಗಿಯುವ ದಿನಾಂಕ ನೋಡಿ. ಬಿಲ್ ಕೇಳಿ ಪಡೆಯಿರಿ. ಇದು ನಮ್ಮ ಹಕ್ಕು.

10. ಮೊದಲು ಏರಬೇಕಾದ ಮೆಟ್ಟಿಲುಗಳು

ಮೊದಲ ಮೆಟ್ಟಿಲು: ಕ್ಯಾಲೆಂಡರ್ ಲೆಕ್ಕ. ಕನಿಷ್ಠ ಒಂದು ತಿಂಗಳು.

ಎರಡನೇ ಮೆಟ್ಟಿಲು: ದಿನಚರಿ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಬೇಕಾದಷ್ಟು ನೀರು. ಎಲ್ಲರಿಗೂ ಬಡಿಸಿ, ಉಳಿದರೆ ಮಧ್ಯಾಹ್ನ ಮೂರಕ್ಕೆ ಉಣ್ಣುವ ನಮ್ಮ ಅಭ್ಯಾಸ ಅರೆತಲೆನೋವಿಗೆ ಆಹ್ವಾನ ಕೊಟ್ಟಂತೆ. ಹಸಿವು, ನಿದ್ದೆಗೇಡು, ಬಿಸಿಲು, ಹೊಗೆ ಇವು ಹಲವರಿಗೆ ನೋವನ್ನು ಕೆರಳಿಸುತ್ತವೆ. ಶುಂಠಿ ತೇಯ್ದು ಹಣೆಗೆ ಹಚ್ಚಿಕೊಂಡು ಕತ್ತಲ ಕೋಣೆಯಲ್ಲಿ ಮಲಗಿದರೆ ಹಾಯೆನಿಸಬಹುದು, ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ತಿಂಗಳಿಗೆ 15 ದಿನ ಬರುವ ನೋವಿಗೆ ಅದೊಂದೇ ಸಾಲದು.

ಮೂರನೇ ಮೆಟ್ಟಿಲು: ವೈದ್ಯರು ಕೊಡುವ ತಡೆಗಟ್ಟುವ ಮಾತ್ರೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೊಪಿರಮೇಟ್ ಮುಂತಾದವು. ಇವು ಬೊಟಾಕ್ಸ್‌ಗೆ ಹೋಲಿಸಿದರೆ ಬಹಳ ಅಗ್ಗ. ಆದರೆ ನುಂಗಿದ ದಿನವೇ ಗುಣ ಕಾಣದು. ಸರಿಯಾದ ಪ್ರಮಾಣದಲ್ಲಿ ಎರಡು ಮೂರು ತಿಂಗಳು ಬಿಡದೆ ತೆಗೆದುಕೊಂಡು ನೋಡಬೇಕು. "ಒಂದು ವಾರ ನುಂಗಿದೆ, ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು. ಪ್ರತಿಯೊಂದಕ್ಕೂ ಅದರದೇ ತೊಂದರೆ ಇದೆ. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಆಗದು. ಟೊಪಿರಮೇಟ್ ಮತ್ತು ವಾಲ್‌ಪ್ರೊಯೇಟ್ ಗರ್ಭದಲ್ಲಿನ ಮಗುವಿಗೆ ಹಾನಿ ಮಾಡಬಲ್ಲವು. ಆದ್ದರಿಂದ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಬಾರದು.

ನಾಲ್ಕನೇ ಮೆಟ್ಟಿಲು: ಇವೆಲ್ಲ ಆದ ಮೇಲೂ ನೋವು ಬಗ್ಗದಿದ್ದರೆ ನರರೋಗ ತಜ್ಞರ ಬಳಿ ಬೊಟಾಕ್ಸ್ ಮಾತು. 2018ರಿಂದ ವಿದೇಶಗಳಲ್ಲಿ ಮೈಗ್ರೇನ್‌ಗಾಗಿಯೇ ತಯಾರಿಸಿದ ಬೇರೆ ಬಗೆಯ ಇಂಜೆಕ್ಷನ್‌ಗಳೂ ಬಂದಿವೆ. ಅವೂ ದುಬಾರಿಯೇ.

ಎಲ್ಲಿಗೆ ಹೋಗುವುದು? ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿತು. ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗ, ಮರೆವಿನ ಕಾಯಿಲೆ ಇವು ಅದರಲ್ಲಿ ಸೇರಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಆ ವಿಭಾಗ ಯಾವ ದಿನ ಇರುತ್ತದೆ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.

11. ಸಂಘದವರು ಹಾಕಬೇಕಾದ ಲೆಕ್ಕ

ಉದಾಹರಣೆಗೆ, ಒಂದು ಸುತ್ತಿಗೆ 40 ಸಾವಿರ ರೂಪಾಯಿ ಎಂದು ಆಸ್ಪತ್ರೆಯವರು ಹೇಳಿದರು ಎಂದಿಟ್ಟುಕೊಳ್ಳಿ. ಗುಣವಾಗುತ್ತದೋ ಇಲ್ಲವೋ ಎಂದು ತಿಳಿಯಲೇ ಎರಡು ಸುತ್ತು ಬೇಕು, ಅಂದರೆ 80 ಸಾವಿರ. ಗುಣವಾದರೆ ವರ್ಷಕ್ಕೆ ನಾಲ್ಕು ಸುತ್ತು, 1 ಲಕ್ಷ 60 ಸಾವಿರ. ಬಸ್ ಖರ್ಚು, ಕೂಲಿ ತಪ್ಪಿದ್ದು ಬೇರೆ. ಒಂದು ಸುತ್ತಿಗೆ ಮಾತ್ರ ಸಾಲ ಕೊಟ್ಟು ಎರಡನೆಯದಕ್ಕೆ ದಾರಿಯಿಲ್ಲದಿದ್ದರೆ ಮೊದಲನೆಯ ದುಡ್ಡೂ ನೀರಿನಲ್ಲಿ ಹೋಮ ಮಾಡಿದಂತೆ.

ಹಾಗೆಂದು ಸಾಲವೇ ಕೊಡಬಾರದೆಂದು ನಾವು ಹೇಳುತ್ತಿಲ್ಲ. ತಿಂಗಳಿಗೆ 20 ದಿನ ಮಲಗಿದ ಹೆಂಗಸಿನ ಕೂಲಿ ಎಷ್ಟು ಹೋಯಿತು, ಮಕ್ಕಳ ಶಾಲೆ ಎಷ್ಟು ತಪ್ಪಿತು ಎಂಬ ಲೆಕ್ಕವನ್ನೂ ಹಾಕಬೇಕು. ಸಾಲದ ಅರ್ಜಿ ಬಂದಾಗ ಈ ಐದು ಪ್ರಶ್ನೆ ಕೇಳಿ: ಕ್ಯಾಲೆಂಡರ್ ಲೆಕ್ಕ ಇದೆಯೇ? ನೋವಿನ ಮಾತ್ರೆಯ ಅತಿಬಳಕೆ ಸರಿಯಾಗಿದೆಯೇ? ಅಗ್ಗದ ಮಾತ್ರೆಗಳನ್ನು ಪೂರ್ತಿ ಅವಧಿ ಪ್ರಯತ್ನಿಸಿದ್ದಾರೆಯೇ? ಸಲಹೆ ಕೊಟ್ಟವರು ನರರೋಗ ತಜ್ಞರೇ? ಸರ್ಕಾರಿ ಯೋಜನೆಯಲ್ಲಿ, ವಿಮೆಯಲ್ಲಿ ಸಿಗುತ್ತದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿದ್ದಾರೆಯೇ?

12. ಆ ಸಹೋದರಿಗೆ ಏನಾಯಿತು?

ಒಂದು ತಿಂಗಳ ನಂತರ ಅವರು ಕ್ಯಾಲೆಂಡರ್ ಹಾಳೆ ತಂದು ಸಭೆಯ ಮುಂದೆ ಇಟ್ಟರು. 22 ಗೀಟು, 19 ಸೊನ್ನೆ. ಇಡೀ ಸಭೆ ಸುಮ್ಮನಾಯಿತು. ಹಸುವಿನ ಮಾತಾಡಿದ ಸಹೋದರಿಯೇ "ನಾನು ಜೊತೆಗೆ ಬರ್ತೀನಿ ನಡೀರಿ" ಎಂದು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯರು ಹಾಳೆ ನೋಡಿ, ಮೊದಲು ನೋವಿನ ಮಾತ್ರೆ ಬಿಡಿಸಿದರು. ಮೊದಲ ಹತ್ತು ದಿನ ಬಹಳ ಕಷ್ಟವಾಯಿತು. ಆ ಹತ್ತು ದಿನ ಸಂಘದವರು ಸರದಿಯಂತೆ ಅವರ ಮನೆಗೆ ಅಡುಗೆ ಕೊಟ್ಟರು. ಜೊತೆಗೆ ತಡೆಗಟ್ಟುವ ಮಾತ್ರೆ ಶುರುವಾಯಿತು. ಮೂರು ತಿಂಗಳಲ್ಲಿ 22 ಗೀಟು 9ಕ್ಕೆ ಇಳಿಯಿತು. ಅವರಿಗೆ ಈಗ ಇಂಜೆಕ್ಷನ್ ಬೇಕಾಗಿಲ್ಲ. ಮುಂದೆ ಬೇಕಾದರೂ ಬೇಕಾಗಬಹುದು, ಆಗ ನೋಡೋಣ ಎಂದಿದ್ದಾರೆ ವೈದ್ಯರು.

ಎಲ್ಲರಿಗೂ ಹೀಗೇ ಆಗುತ್ತದೆಂದು ಹೇಳಲಾರೆವು. ಪಕ್ಕದ ಊರಿನ ಇನ್ನೊಬ್ಬ ಸಹೋದರಿಗೆ ಮೂರು ಬಗೆಯ ಮಾತ್ರೆಯಲ್ಲೂ ಗುಣವಾಗದೆ, ತಜ್ಞರ ಸಲಹೆಯಂತೆ ಇಂಜೆಕ್ಷನ್ ಹಾಕಿಸಿದರು. ಎರಡನೇ ಸುತ್ತಿನ ನಂತರ ಅವರು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂರುವಂತಾಗಿದ್ದಾರೆ. ಅವರ ಸಂಘ ಕೊಟ್ಟ ಸಾಲವೂ ದಂಡವಾಗಲಿಲ್ಲ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗಬಹುದು. ತಿಳಿದು ತೀರ್ಮಾನ ಮಾಡಿದರೆ ಎರಡೂ ಸರಿಯೇ.

ತಡ ಮಾಡಬೇಡಿ

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಭಾರೀ ತಲೆನೋವು, ಜ್ವರ ಮತ್ತು ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ತಲೆಗೆ ಪೆಟ್ಟು ಬಿದ್ದ ನಂತರದ ನೋವು, 50 ವರ್ಷದ ನಂತರ ಹೊಸದಾಗಿ ಶುರುವಾದ ನೋವು, ಗರ್ಭಿಣಿ ಅಥವಾ ಬಾಣಂತಿಗೆ ಬಂದ ಜೋರು ತಲೆನೋವು: ಇವು ಯಾವುವನ್ನೂ ಅರೆತಲೆನೋವು ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದಲ್ಲಿ ಯಾರಿಗೆ ಪದೇ ಪದೇ ತಲೆನೋವು ಬರುತ್ತದೆ? ನಾವು ಅವರಿಗೆ ಇದುವರೆಗೆ ಏನು ಹೇಳುತ್ತಿದ್ದೆವು?
2. ಕಳೆದ ತಿಂಗಳು ನಾವು ಎಷ್ಟು ದಿನ ನೋವಿನ ಮಾತ್ರೆ ನುಂಗಿದೆವು? ಎಲ್ಲಿಂದ ತಂದೆವು?
3. ದುಬಾರಿ ಚಿಕಿತ್ಸೆಗೆ ಸಾಲ ಕೇಳಿದರೆ ನಮ್ಮ ಸಂಘದ ನಿಯಮವೇನು? ಠರಾವು ಮಾಡಿದ್ದೇವೆಯೇ?
4. ನೋವಿನ ದಿನ ಒಬ್ಬ ಸದಸ್ಯೆಯ ಮನೆಗೆಲಸಕ್ಕೆ ನಾವು ಹೇಗೆ ಕೈ ಜೋಡಿಸಬಹುದು?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಕ್ಯಾಲೆಂಡರ್ ಹಾಳೆ ತನ್ನಿ. ತಲೆನೋವು ಇಲ್ಲದವರೂ ತನ್ನಿ. ಒಂದೂ ಗೀಟಿಲ್ಲದ ಹಾಳೆ ನೋಡಿದರೆ ನಮಗೆಲ್ಲರಿಗೂ ಸಂತೋಷವೇ.